ಹನ್ನೆರಡು ಡ್ರಮ್ಮು, ನಾಲ್ಕು ಬಗೆಯ ತುಕ್ಕು

ಹತ್ತು ಮಿಲಿಮೀಟರ್ ಎತ್ತರದ ಡ್ರಮ್ಮಿಗೆ ತುಕ್ಕು ಹಿಡಿಸುವುದು ಹೇಗೆ? ಎರಡು ತಿಂಗಳಿಂದ ರಾತ್ರಿ ಊಟ ಆದ ಮೇಲೆ ನನಗೆ ಇದೇ ಕೆಲಸ. ಮನೆಯಲ್ಲಿ ನಗುತ್ತಾರೆ. ನಗಲಿ ಬಿಡಿ.

ನಾನು ಕಟ್ಟುತ್ತಿರುವುದು ನಮ್ಮ ಕೋಲಾರದ ಹಳೇ ನ್ಯಾರೋ ಗೇಜ್ ರೈಲು ಲೈನಿನ ಒಂದು ಸ್ಟೇಷನ್ನಿನ ಪುಟ್ಟ ಮಾದರಿ. ಬಂಗಾರಪೇಟೆಗೆ ಬೌರಿಂಗ್‌ಪೇಟೆ ಅನ್ನುವ ಹೆಸರಿದ್ದ ಕಾಲದ್ದು ಆ ಲೈನು. ಕೋಲಾರ, ಚಿಂತಾಮಣಿ, ಚಿಕ್ಕಬಳ್ಳಾಪುರ ಹಾದು ಯಲಹಂಕ ಸೇರುತ್ತಿದ್ದ ಎರಡೂವರೆ ಅಡಿ ಹಳಿ. ಈಗ ಅಲ್ಲೆಲ್ಲ ಬ್ರಾಡ್ ಗೇಜ್. ನನ್ನದು ಮಾದರಿ ರೈಲಿನವರು ಎಚ್‌ಓ ಅನ್ನುವ ಅಳತೆ, ಅಂದರೆ ನಿಜವಾದದ್ದರ 87ರಲ್ಲಿ ಒಂದು ಪಾಲು. ಹಳಿಗಳ ನಡುವಿನ ಆ ಎರಡೂವರೆ ಅಡಿ, ಅಂದರೆ 762 ಮಿ.ಮೀ., ಅದರಲ್ಲಿ 8.76 ಮಿ.ಮೀ. ಆಗುತ್ತದೆ. ಎನ್ ಗೇಜ್ ಅನ್ನುವ ಇನ್ನೂ ಸಣ್ಣ ಮಾದರಿ ರೈಲಿನ 9 ಮಿ.ಮೀ. ಹಳಿ ರೆಡಿಮೇಡ್ ಸಿಗುವುದರಿಂದ ಆ ತಲೆನೋವು ಇಲ್ಲ. ತಲೆನೋವೆಲ್ಲ ಪ್ಲಾಟ್‌ಫಾರಂ ಮೇಲಿನ ಚಿಲ್ಲರೆ ಸಾಮಾನಿನದು. ಡ್ರಮ್ಮು, ಹಾಲಿನ ಕ್ಯಾನು, ಮರಳಿನ ಕೆಂಪು ಬಕೆಟ್ಟು. ಇವುಗಳ ಬಣ್ಣ ಕೆಟ್ಟರೆ ಇಡೀ ಸ್ಟೇಷನ್ ಜಾತ್ರೆ ಆಟಿಕೆ ಥರ ಕಾಣುತ್ತದೆ.

ಪರೀಕ್ಷೆಗೆ ಡ್ರಮ್ಮನ್ನೇ ಆರಿಸಿಕೊಂಡೆ. 200 ಲೀಟರಿನ ನಿಜವಾದ ಡ್ರಮ್ಮು ಸುಮಾರು 88 ಸೆಂ.ಮೀ. ಎತ್ತರ, ಹಾಗಾಗಿ ನನ್ನದು ಒಂದು ಸೆಂಟಿಮೀಟರ್. ಹನ್ನೆರಡನ್ನು ಪಾತ್ರೆ ತೊಳೆಯುವ ಲಿಕ್ವಿಡ್‌ನಲ್ಲಿ ಹಳೇ ಟೂತ್‌ಬ್ರಷ್ಷಿನಿಂದ ಉಜ್ಜಿ ಒಣಗಿಸಿದೆ. ಆಮೇಲೆ ಒಂದೊಂದನ್ನೂ ಐಸ್‌ಕ್ರೀಮ್ ಕಡ್ಡಿಗೆ ಡಬಲ್ ಟೇಪಿನಲ್ಲಿ ಅಂಟಿಸಿಕೊಂಡೆ. ತೊಳೆಯದೆ ಬಣ್ಣ ಹಚ್ಚಿದರೆ ಆಮೇಲೆ ಉಗುರು ತಾಗಿದ ಕಡೆಯೆಲ್ಲ ಸಿಪ್ಪೆ ಏಳುತ್ತದೆ.

ಮೊದಲು ತಳದ ಬಣ್ಣ. ಇದನ್ನು ಬೇಗ ಮುಗಿಸುತ್ತೇನೆ. ಹಾರ್ಡ್‌ವೇರ್ ಅಂಗಡಿಯ ಎನಾಮೆಲ್ ಗಟ್ಟಿಯಾಗಿ ಕೂರುತ್ತದೆ, ನಿಜ. ಆದರೆ ಅದು ಬಾಗಿಲಿಗೆ, ಗ್ರಿಲ್ಲಿಗೆ ಮಾಡಿದ್ದು. ಡ್ರಮ್ಮಿನ ಸುತ್ತು ಪಟ್ಟಿಗಳ ಅಂಚು ಅದರಲ್ಲಿ ಮುಳುಗಿಹೋಯಿತು. ಒಂದು ಇಂಚಿನ ರಿವೆಟ್ ತಲೆ ನಮ್ಮ ಅಳತೆಯಲ್ಲಿ 0.3 ಮಿ.ಮೀ. ಮಾತ್ರ. ಅದರ ಮೇಲೆ ಎರಡು ಕೋಟ್ ಎನಾಮೆಲ್ ಬಿದ್ದರೆ ರಿವೆಟ್ ಇತ್ತು ಅನ್ನುವುದಕ್ಕೆ ಗುರುತೂ ಉಳಿಯುವುದಿಲ್ಲ. ಒಣಗಲು ಒಂದು ದಿನ ಬೇಕು. ಅಷ್ಟರಲ್ಲಿ ಮಾರ್ಚ್ ತಿಂಗಳ ಧೂಳು ಬಂದು ಅಂಟಿಕೊಂಡಿತ್ತು. ಗ್ರಿಲ್ಲಿನ ರೆಡ್ ಆಕ್ಸೈಡ್ ಪ್ರೈಮರ್ ಕೂಡ ನೋಡಿದೆ. ಬಣ್ಣ ಥೇಟ್ ತುಕ್ಕೇ, ಆದರೆ ತರಿ ಜಾಸ್ತಿ. ಪೋಸ್ಟರ್ ಕಲರ್ ಅಗ್ಗ, ಹೊಳಪಿಲ್ಲ, ನೋಡಲು ಚೆಂದ. ಬೆವರಿದ ಬೆರಳು ತಾಗಿದರೆ ಮುಗಿಯಿತು, ಬಣ್ಣ ಬೆರಳಿಗೆ ಬರುತ್ತದೆ. ಕೊನೆಗೆ ಉಳಿದದ್ದು ಅಕ್ರಿಲಿಕ್. ನೀರು ಬೆರೆಸಿ ತೆಳ್ಳಗೆ ಮೂರು ಸಲ, ನಡುವೆ ಇಪ್ಪತ್ತು ನಿಮಿಷ ಬಿಟ್ಟು. ಪ್ಲಾಸ್ಟಿಕ್ಕಿಗೆ, ರೆಸಿನ್ನಿಗೆ ನಾನು ಇನ್ನು ಬೇರೆ ಹುಡುಕುವುದಿಲ್ಲ. ಹಾಲಿನ ಕ್ಯಾನಿನಂಥ ಲೋಹದ ಅಚ್ಚಿಗೆ ಮಾತ್ರ ಕೆಳಗೆ ಪ್ರೈಮರ್ ಬೇಕೇ ಬೇಕು.

ಇನ್ನೊಂದು ಮಾತು. ಬಣ್ಣ ಡಬ್ಬಿಯಲ್ಲಿ ಇದ್ದ ಹಾಗೇ ಹಚ್ಚಬೇಡಿ, ಚೂರು ಬೂದಿ ಬಣ್ಣ ಬೆರೆಸಿ. ಸಣ್ಣ ವಸ್ತುವಿನ ಮೇಲೆ ಕಡು ಬಣ್ಣ ಇನ್ನೂ ಕಡುವಾಗಿ ಕಾಣುತ್ತದೆ.

ಈಗ ತುಕ್ಕಿಗೆ ಬರೋಣ. ನಾಲ್ಕು ಪುಡಿ, ತಲಾ ಮೂರು ಡ್ರಮ್ಮು. ಒಂದು, ಇದಕ್ಕೆಂದೇ ಹೊರದೇಶದಲ್ಲಿ ಮಾಡುವ ಪುಡಿ. ಪುಟ್ಟ ಡಬ್ಬಿಗೆ ನನಗೆ 450 ರೂಪಾಯಿ ಬಿತ್ತು. ಎರಡು, ಚಿತ್ರ ಬರೆಯುವ ಸಾಫ್ಟ್ ಪೇಸ್ಟಲ್ ಕಡ್ಡಿಯನ್ನು ಬ್ಲೇಡಿನಲ್ಲಿ ಕೆರೆದದ್ದು. ಮೂರು, ಅಂತರಗಂಗೆ ಬೆಟ್ಟದ ಬುಡದಿಂದ ತಂದ ಕೆಂಪು ಮಣ್ಣು. ನಾಲ್ಕು, ಅಮ್ಮ ಹೊಸಿಲಿಗೆ ಬಳಿಯುವ ಕೆಮ್ಮಣ್ಣು. ಗ್ರಂಥಿಗೆ ಅಂಗಡಿಯಲ್ಲಿ 20 ರೂಪಾಯಿ ಪೊಟ್ಟಣ.

ಮಣ್ಣಿನ ಮೇಲೆ ನನಗೆ ಬಹಳ ಆಸೆ ಇತ್ತು. ನಮ್ಮೂರ ಸ್ಟೇಷನ್ನಿಗೆ ನಮ್ಮೂರ ಮಣ್ಣೇ ಅಲ್ವಾ ಸರಿ? ಹಚ್ಚಿ ನೋಡಿದರೆ ಡ್ರಮ್ಮಿನ ಮೇಲೆ ಬಂಡೆಗಳು. ಲೆಕ್ಕ ಹಾಕಿದಾಗ ಅರ್ಥವಾಯಿತು. ಅರ್ಧ ಮಿಲಿಮೀಟರಿನ ಮರಳು ಕಾಳು 87 ಪಟ್ಟು ದೊಡ್ಡದಾದರೆ ಕೋಳಿಮೊಟ್ಟೆ ಗಾತ್ರ. ಡ್ರಮ್ಮಿನ ಮುಚ್ಚಳಕ್ಕೆ ಮೊಟ್ಟೆ ಅಂಟಿಸಿದ ಹಾಗಾಗಿತ್ತು. ಹಳೇ ಪಂಚೆಯಲ್ಲಿ ಮೂರು ಸಲ ಜಾಲಿಸಿದ ಮೇಲೆ ಸ್ವಲ್ಪ ಹದಕ್ಕೆ ಬಂತು. ಅದನ್ನು ನೆಲಕ್ಕೆ, ಹಳಿಯ ಪಕ್ಕಕ್ಕೆ ಇಟ್ಟುಕೊಂಡಿದ್ದೇನೆ. ಅದಕ್ಕೂ ಮುಂಚೆ ಕಾಗದದ ಕೆಳಗೆ ಅಯಸ್ಕಾಂತ ಆಡಿಸಿ ನೋಡಿ. ನನ್ನ ಮಣ್ಣಿನಲ್ಲಿ ಕರೀ ಕಣಗಳು ಸಾಲುಗಟ್ಟಿ ಎದ್ದು ನಿಂತವು. ಅವು ಎಂಜಿನ್ನಿನ ಮೋಟಾರಿಗೆ ಹೋಗಿ ಕೂತರೆ ಕಥೆ ಬೇರೆ.

ಕೆಮ್ಮಣ್ಣಿನ ಪೊಟ್ಟಣ ಎತ್ತಿಕೊಂಡಾಗ ಅಮ್ಮ ನೋಡಿಬಿಟ್ಟಳು.

"ಹೊಸಿಲಿಗೆ ಹಚ್ಚೋದನ್ನ ಆ ಆಟದ ಸಾಮಾನಿಗೆ ಹಚ್ತೀಯೇನೋ?"

"ಒಂದು ಚಿಟಿಕೆ ಸಾಕಮ್ಮ."

"ಶುಕ್ರವಾರಕ್ಕೆ ಉಳಿಸು ಮತ್ತೆ."

ಚಿಟಿಕೆಯೇ ಸಾಕಾಯಿತು. ಕೆಮ್ಮಣ್ಣಿಗೆ ಬಣ್ಣ ಬರುವುದು ಕಬ್ಬಿಣದ ಆಕ್ಸೈಡಿನಿಂದ, ತುಕ್ಕಿಗೂ ಅದರಿಂದಲೇ. ಹಾಗಾಗಿ ಇಲ್ಲಿ ನಕಲು ಅನ್ನುವ ಮಾತೇ ಇಲ್ಲ. ಪೊಟ್ಟಣದ ಪುಡಿ ನುಣ್ಣಗೂ ಇತ್ತು. ಒಂದೇ ದೋಷ, ಬರೀ ಕೆಮ್ಮಣ್ಣು ಹಚ್ಚಿದರೆ ಗುಡಿ ಗೋಡೆಯ ಪಟ್ಟೆ ಥರ ಕಾಣುತ್ತದೆ. ಇದ್ದಿಲ ಪುಡಿ ಕಾಲು ಭಾಗ ಸೇರಿಸಿದ ಮೇಲೆ ಹಳೇ ತುಕ್ಕಿನ ಕಂದು ಬಂತು. 450 ರೂಪಾಯಿಯ ಪುಡಿ ಈ ಕೆಲಸವನ್ನು ಡಬ್ಬಿಯಲ್ಲೇ ಮಾಡಿ ಕೊಡುತ್ತದೆ, ಹೊಸ ತುಕ್ಕು ಬೇರೆ, ಹಳೇ ತುಕ್ಕು ಬೇರೆ. ಪಕ್ಕಪಕ್ಕ ಇಟ್ಟು ತಂಗಿ ಮಗನನ್ನು ಕೇಳಿದೆ. ಯಾವುದು ಯಾವುದು ಅಂತ ಅವನಿಗೆ ಗೊತ್ತಾಗಲಿಲ್ಲ. ಮರುದಿನ ನನಗೂ ಗೊತ್ತಾಗಲಿಲ್ಲ.

ಪೇಸ್ಟಲ್ ಸೋತದ್ದು ಕೊನೇ ಹಂತದಲ್ಲಿ. ಅಲ್ಲಿಯವರೆಗೂ ಅದೇ ಮುಂದಿತ್ತು, ಬೇಕಾದ ಬಣ್ಣ ಸಿಗುತ್ತದಲ್ಲ. ಪುಡಿ ಉದುರದಿರಲಿ ಎಂದು ಮ್ಯಾಟ್ ವಾರ್ನಿಷ್ ಸ್ಪ್ರೇ ಹೊಡೆದೆ. ತಿಳಿ ಬಣ್ಣದ ಪೇಸ್ಟಲ್ ಕಣ್ಣೆದುರೇ ಮಾಯ! ಇಂಥ ಕಡ್ಡಿಯಲ್ಲಿ ಸೀಮೆಸುಣ್ಣದಂಥ ಬಿಳಿ ಪುಡಿ ತುಂಬಿರುತ್ತದೆ. ಅದು ವಾರ್ನಿಷ್ಷಿನಲ್ಲಿ ನೆಂದರೆ ಎಣ್ಣೆ ಕುಡಿದ ಕಾಗದದಂತೆ ಬೆಳಕನ್ನು ಒಳಗೆ ಬಿಟ್ಟುಬಿಡುತ್ತದೆ. ಕಬ್ಬಿಣದ ಆಕ್ಸೈಡ್ ಹಾಗಲ್ಲ, ನೆಂದರೂ ಮರೆಮಾಡುತ್ತದೆ. ಕೆಮ್ಮಣ್ಣು ಸ್ವಲ್ಪ ಕಡುವಾಯಿತು, ಅಷ್ಟೇ.

ನಡುವೆ ಒಂದು ಎಡವಟ್ಟು ಮಾಡಿಕೊಂಡೆ. ಪುಡಿ ಬೇಗ ಕೂರಲಿ ಎಂದು ಮೆಡಿಕಲ್ ಸ್ಟೋರಿನ ಸ್ಪಿರಿಟ್‌ನಲ್ಲಿ ಕಲಸಿ ಹಾಲಿನ ಕ್ಯಾನಿಗೆ ಹಚ್ಚಿದೆ. ಬ್ರಷ್ಷನ್ನು ಎರಡು ಸಲ ಆಡಿಸಿದ್ದಕ್ಕೆ ಅಕ್ರಿಲಿಕ್ ಕರಗಿ ಲೋಹ ಇಣುಕಿತು. ಈಗ ನೀರು ಬಳಸುತ್ತೇನೆ, ಜೊತೆಗೆ ಒಂದೇ ತೊಟ್ಟು ಪಾತ್ರೆ ಲಿಕ್ವಿಡ್. ನೀರು ಮಣಿಯಾಗಿ ನಿಲ್ಲದೆ ಪಟ್ಟಿಯ ಸಂದಿಗೆ ತಾನೇ ಹರಿಯುತ್ತದೆ.

ಎಲ್ಲಿ ಹಚ್ಚಬೇಕು ಅನ್ನುವುದಕ್ಕೆ ಬಸ್ ಸ್ಟ್ಯಾಂಡ್ ಹತ್ತಿರದ ಪಂಕ್ಚರ್ ಅಂಗಡಿ ಮುಂದಿನ ಡ್ರಮ್ಮನ್ನು ಹೋಗಿ ನೋಡಿದೆ. ತುಕ್ಕು ಇದ್ದದ್ದು ನೀರು ನಿಲ್ಲುವ ಮುಚ್ಚಳದ ಅಂಚಿನಲ್ಲಿ, ನೆಲ ಮುಟ್ಟುವ ಬುಡದಲ್ಲಿ. ಮೈಯೆಲ್ಲ ಬಿಸಿಲಿಗೆ ಬಿಳಿಚಿಕೊಂಡ ನೀಲಿ, ಅದರ ಮೇಲೆ ಧೂಳು. ನಮ್ಮದು ಮಂಗಳೂರಲ್ಲ. ಇಲ್ಲಿ ಮೊದಲು ಧೂಳು, ಆಮೇಲೆ ಬಿಸಿಲು, ತುಕ್ಕು ಮೂರನೆಯದು. ನಾನು ಹನ್ನೆರಡಕ್ಕೂ ಮೂರು ಪಟ್ಟು ತುಕ್ಕು ಹಿಡಿಸಿದ್ದೆ.

ಆರನ್ನು ಒರೆಸಿ ಮತ್ತೆ ಶುರು ಮಾಡಿದ್ದೇನೆ. ನೀಲಿಗೆ ಬೂದಿ ಬೆರೆಸಿದ ಅಕ್ರಿಲಿಕ್, ಅಂಚಿಗೆ ಕೆಮ್ಮಣ್ಣು ಇದ್ದಿಲು, ವಾರ್ನಿಷ್, ಅದರ ಮೇಲೆ ಜಾಲಿಸಿದ ಬೆಟ್ಟದ ಮಣ್ಣಿನ ನೆರಳಷ್ಟು ಧೂಳು. ಹೊರದೇಶದ ಪುಡಿಯನ್ನು ಪೂರ್ತಿ ಬಿಟ್ಟಿಲ್ಲ. ಎಂಜಿನ್ ಚಕ್ರದ ಎಣ್ಣೆ ಮಸಿಗೆ ಅದರಲ್ಲೇ ಸಿಗುವ ಕಪ್ಪು ಬಗೆಯ ಮುಂದೆ ನನ್ನ ಇದ್ದಿಲು ನಿಲ್ಲುವುದಿಲ್ಲ, ಇದ್ದಿಲಿಗೆ ಎಣ್ಣೆಯ ಆ ಜಿಡ್ಡು ಕಳೆ ಬರುವುದೇ ಇಲ್ಲ. ಕೆಮ್ಮಣ್ಣಿನ ಪೊಟ್ಟಣವನ್ನು ಗುರುವಾರ ರಾತ್ರಿಯೇ ದೇವರ ಮನೆಯಲ್ಲಿ ವಾಪಸ್ ಇಟ್ಟಿದ್ದೇನೆ.