ಮೇರೀಸ್ ಮೀಲ್ಸ್: ಹಣ ಕೂಡಿಸುವವರ ಕಡೆಯಿಂದ ಒಂದು ವಿಮರ್ಶೆ

ಹೋಟೆಲಿನ ವಿಮರ್ಶೆ ಬರೆಯುವವರು ಅಲ್ಲಿಯ ಊಟವನ್ನು ತಾವೇ ಉಂಡಿರುತ್ತಾರೆ. ಹಣ ಕೊಡುವವರು ಒಂದು ಖಂಡದಲ್ಲಿ, ಉಣ್ಣುವವರು ಇನ್ನೊಂದು ಖಂಡದಲ್ಲಿ ಇರುವ ಸೇವೆಯ ವಿಷಯದಲ್ಲಿ ಆ ಅನುಕೂಲವಿಲ್ಲ. ಸ್ಕಾಟ್ಲೆಂಡಿನಲ್ಲಿ ನೆಲೆಸಿ, ಇಲ್ಲಿಯ ಕೆಲವು ಕನ್ನಡ ಕುಟುಂಬಗಳೊಂದಿಗೆ ಸೇರಿ, ಬಡ ದೇಶಗಳ ಶಾಲಾಮಕ್ಕಳಿಗೆ ಊಟ ಕೊಡುವ ಮೇರೀಸ್ ಮೀಲ್ಸ್ ಎಂಬ ದತ್ತಿ ಸಂಸ್ಥೆಗಾಗಿ ಆಗಾಗ ಹಣ ಸಂಗ್ರಹಿಸುವ ನಾನು ನೇರವಾಗಿ ಹೇಳಬಹುದಾದದ್ದು ನಮ್ಮ ಕೈಯಿಂದ ದಾಟಿದ ಭಾಗದ ಬಗ್ಗೆ ಮಾತ್ರ. ಆಚೆ ಬದಿಯ ಬಗ್ಗೆ ಸಾರ್ವಜನಿಕವಾಗಿ ದಾಖಲಾಗಿರುವ ಸಂಗತಿಗಳನ್ನೇ ನಂಬಬೇಕಾಗುತ್ತದೆ. ಇವೆರಡನ್ನೂ ಬೇರೆ ಬೇರೆಯಾಗಿಯೇ ಇಟ್ಟು ಬರೆಯಲು ಪ್ರಯತ್ನಿಸಿದ್ದೇನೆ.

ಸಂಸ್ಥೆಯ ಹುಟ್ಟು ಸ್ಕಾಟ್ಲೆಂಡಿನ ಪಶ್ಚಿಮದ ಗುಡ್ಡಗಾಡಿನ ಡಾಲ್‌ಮ್ಯಾಲಿ ಎಂಬ ಹಳ್ಳಿಯಲ್ಲಿ. ಸಾಲ್ಮನ್ ಮೀನು ಸಾಕಣೆಯ ಕೆಲಸದಲ್ಲಿದ್ದ ಮ್ಯಾಗ್ನಸ್ ಮ್ಯಾಕ್‌ಫಾರ್ಲೇನ್-ಬ್ಯಾರೋ 1992ರಲ್ಲಿ, ಬೋಸ್ನಿಯಾದ ಯುದ್ಧದ ಸಮಯದಲ್ಲಿ, ತಮ್ಮ ಸಹೋದರನೊಂದಿಗೆ ಕಂಬಳಿ ಮತ್ತು ಆಹಾರ ತುಂಬಿಕೊಂಡು ಅಲ್ಲಿಗೆ ಹೋಗಿ ಬಂದರು. ಕೆಲಸಕ್ಕೆ ರಜೆ ಹಾಕಿ ಹೋದವರು ಮರಳಿ ಬರುವಷ್ಟರಲ್ಲಿ ತಂದೆತಾಯಿಯ ಮನೆಯ ಹಿಂದಿನ ತಗಡಿನ ಶೆಡ್ಡು ಊರವರು ತಂದು ಕೊಟ್ಟ ಸಾಮಾನಿನಿಂದ ಮತ್ತೆ ತುಂಬಿತ್ತಂತೆ. ಶಾಲೆಯ ಊಟದ ಯೋಚನೆ ಮೊಳೆತದ್ದು ಹತ್ತು ವರ್ಷಗಳ ನಂತರ. 2002ರ ಬರಗಾಲದಲ್ಲಿ ಆಫ್ರಿಕಾದ ಮಲಾವಿ ದೇಶದ ಗುಡಿಸಲೊಂದರಲ್ಲಿ, ಸಾವಿನಂಚಿನಲ್ಲಿದ್ದ ತಾಯಿಯ ಹಿರಿಯ ಮಗನನ್ನು ಮ್ಯಾಗ್ನಸ್ ಅವರು ನಿನಗೇನು ಆಸೆ ಎಂದು ಕೇಳಿದಾಗ, ಹೊಟ್ಟೆಗೆ ಸಾಕಾಗುವಷ್ಟು ಊಟ ಮತ್ತು ಎಂದಾದರೂ ಒಂದು ದಿನ ಶಾಲೆಗೆ ಹೋಗುವುದು ಎಂದು ಆ ಹುಡುಗ ಹೇಳಿದನೆಂಬುದು ಸಂಸ್ಥೆಯ ಪ್ರತಿಯೊಂದು ಕರಪತ್ರದಲ್ಲೂ ಬರುವ ಪ್ರಸಂಗ. ಆ ವರ್ಷ 200 ಮಕ್ಕಳಿಂದ ಶುರುವಾದ ಊಟ 2021ರ ವೇಳೆಗೆ 20 ಲಕ್ಷ ಮಕ್ಕಳ ಸಂಖ್ಯೆಯನ್ನು ದಾಟಿತು. 2023ರಲ್ಲಿ ಸ್ಪೇನಿನ ಪ್ರಿನ್ಸೆಸ್ ಆಫ್ ಆಸ್ಟೂರಿಯಾಸ್ ಪ್ರಶಸ್ತಿಯೂ ಸಂದಿತು.

ಈ ಸಂಸ್ಥೆಯ ಬಗ್ಗೆ ನನಗೆ ಮೊದಲಿನಿಂದಲೂ ಹಿಡಿಸಿದ್ದು ಅದರ ಏಕಾಗ್ರತೆ. ಬಾವಿ ತೋಡುವುದು, ಕಂಪ್ಯೂಟರ್ ಹಂಚುವುದು, ಜಾಗೃತಿ ಶಿಬಿರ ನಡೆಸುವುದು ಎಂದು ಹತ್ತು ದಿಕ್ಕಿಗೆ ಹರಡಿಕೊಳ್ಳದೆ, ಶಾಲೆಯ ಪ್ರತಿದಿನವೂ, ಕಲಿಯುವ ಜಾಗದಲ್ಲಿಯೇ, ಒಂದು ಊಟ ಎಂಬ ಒಂದೇ ಮಾತಿಗೆ ಅದು ಅಂಟಿಕೊಂಡಿದೆ. ಮಲಾವಿಯಲ್ಲಿ ಆ ಊಟವೆಂದರೆ ಲಿಕುನಿ ಫಾಲಾ ಎಂಬ ಗಂಜಿ: ಮೆಕ್ಕೆಜೋಳ ಮತ್ತು ಸೋಯಾ ಹಿಟ್ಟಿಗೆ ಸಕ್ಕರೆ, ವಿಟಮಿನ್, ಖನಿಜಾಂಶಗಳನ್ನು ಬೆರೆಸಿ ದೊಡ್ಡ ಹಂಡೆಯಲ್ಲಿ ಕುದಿಸಿ, ಪ್ಲಾಸ್ಟಿಕ್ ಮಗ್ಗುಗಳಿಗೆ ಸುರಿದು ಕೊಡುತ್ತಾರೆ. ಲೈಬೀರಿಯಾದಲ್ಲಿ ಅದು ಅನ್ನ ಮತ್ತು ಕಾಳಾಗುತ್ತದೆ. ಹೈಟಿಯಲ್ಲಿ ಅನ್ನ ಮತ್ತು ಬೀನ್ಸ್ ಕಾಳು. ಮಲಾವಿಗೆ ಬೇಕಾದ ಹಿಟ್ಟಿನ ಧಾನ್ಯ ಆದಷ್ಟೂ ಆ ದೇಶದ ರೈತರಿಂದಲೇ ಬರುತ್ತದೆ. ಯುರೋಪಿನಲ್ಲಿ ಮಿಕ್ಕಿದ್ದನ್ನು ಹಡಗಿನಲ್ಲಿ ಸಾಗಿಸುವ ಪದ್ಧತಿ ಇಲ್ಲ. ಏಪ್ರಿಲ್ ಸುಮಾರಿಗೆ ಮೆಕ್ಕೆಜೋಳದ ಕೊಯ್ಲು ಬರುವ ಮೊದಲಿನ ಕೆಲವು ತಿಂಗಳು ಮಲಾವಿಯ ಹಳ್ಳಿಗಳಲ್ಲಿ ಕಣಜ ಖಾಲಿಯಾಗಿರುವ ಕಾಲ, ಮತ್ತು ಅದೇ ಮಳೆಗಾಲ. ಮಣ್ಣಿನ ರಸ್ತೆಗಳು ಕೆಸರಾಗಿರುವ ಆ ದಿನಗಳಲ್ಲಿ ಒಂದೇ ದೊಡ್ಡ ಅಡುಗೆಮನೆಯಿಂದ ವ್ಯಾನುಗಳಲ್ಲಿ ಬಿಸಿ ಊಟ ಕಳಿಸುವ ವಿಧಾನ, ಅಂದರೆ 2000ದಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಅಕ್ಷಯ ಪಾತ್ರದ ವಿಧಾನ, ಅಲ್ಲಿ ನಡೆಯುವಂಥದ್ದಲ್ಲ. ಹಿಟ್ಟನ್ನು ಮುಂಚಿತವಾಗಿ ಶಾಲೆಯ ಉಗ್ರಾಣಕ್ಕೆ ತಲುಪಿಸಿ ಅಲ್ಲಿಯೇ ಒಲೆ ಹೂಡುವುದು ಆ ನೆಲಕ್ಕೆ ಒಪ್ಪುವ ಏರ್ಪಾಡು.

ಇನ್ನು ಬೆಲೆ. ಒಂದು ಮಗುವಿಗೆ ಒಂದು ಶಾಲಾವರ್ಷ ಊಟ ಕೊಡಲು 15.90 ಪೌಂಡ್ ಸಾಕು ಎಂದು ಕೆಲವು ವರ್ಷಗಳ ಹಿಂದೆ ಸಂಸ್ಥೆ ಹೇಳುತ್ತಿತ್ತು. ಮುಂದೆ ಅದು 19.15 ಪೌಂಡ್ ಆಯಿತು. ನಮ್ಮ ಲೆಕ್ಕದಲ್ಲಿ ಇದು ಸುಮಾರು ಎರಡು ಸಾವಿರ ರೂಪಾಯಿ. 2022ರ ನಂತರ ಗೊಬ್ಬರ, ಇಂಧನ, ಧಾನ್ಯಗಳ ಬೆಲೆ ಎಲ್ಲೆಡೆ ಏರಿದ್ದನ್ನೂ, 2023ರ ನವೆಂಬರಿನಲ್ಲಿ ಮಲಾವಿ ತನ್ನ ನಾಣ್ಯವಾದ ಕ್ವಾಚಾವನ್ನು ಒಮ್ಮೆಲೇ ಶೇಕಡಾ 44ರಷ್ಟು ಅಪಮೌಲ್ಯಗೊಳಿಸಿದ್ದನ್ನೂ ನೆನೆದರೆ ಈ ಅಂಕಿ ನಿಂತಲ್ಲೇ ನಿಲ್ಲುವಂಥದ್ದಲ್ಲ. ಆದ್ದರಿಂದ ಹಳೆಯ ಕರಪತ್ರದ ಬೆಲೆಯನ್ನು ಹೇಳಿ ಹಣ ಕೇಳಬಾರದೆಂದು ಹೊಸದಾಗಿ ಸೇರುವವರಿಗೆ ನಾವು ಹೇಳುತ್ತೇವೆ. ಬಂದ ಪ್ರತಿ ಪೌಂಡಿನಲ್ಲಿ ಕನಿಷ್ಠ 93 ಪೆನ್ಸ್ ನೇರವಾಗಿ ಸೇವಾಕಾರ್ಯಕ್ಕೆ ಹೋಗುತ್ತದೆ ಎಂಬುದು ಸಂಸ್ಥೆಯ ಇನ್ನೊಂದು ಭರವಸೆ. ಸ್ಕಾಟ್ಲೆಂಡಿನ ದತ್ತಿ ನಿಯಂತ್ರಕರಿಗೆ ಸಲ್ಲಿಸಿದ ವಾರ್ಷಿಕ ಲೆಕ್ಕಪತ್ರಗಳನ್ನು ಯಾರು ಬೇಕಾದರೂ ತೆಗೆದು ನೋಡಬಹುದಾದ್ದರಿಂದ ಇದನ್ನು ಕೇವಲ ಜಾಹೀರಾತಿನ ಮಾತೆಂದು ತಳ್ಳಿಹಾಕುವಂತಿಲ್ಲ. ಆದರೆ ಈ ಎರಡೂ ಅಂಕಿಗಳು ಇಷ್ಟು ಚೆನ್ನಾಗಿ ಕಾಣಲು ಕಾರಣವೇನೆಂಬುದು ಬೇರೆ ಮಾತು. ಅದಕ್ಕೆ ಮುಂದೆ ಬರುತ್ತೇನೆ.

ಹಣ ಸಂಗ್ರಹಿಸುವವರಿಗೆ ಸಂಸ್ಥೆ ಒದಗಿಸುವ ಸೇವೆ ಅಚ್ಚುಕಟ್ಟಾಗಿದೆ. ಕೇಳಿದರೆ ಪೋಸ್ಟರು, ಡಬ್ಬಿ, ಕರಪತ್ರಗಳು ಬರುತ್ತವೆ. ಅಕ್ಟೋಬರ್ 10ರ ವಿಶ್ವ ಗಂಜಿ ದಿನದಂದು ಶಾಲೆ, ಚರ್ಚು, ಕಚೇರಿಗಳಲ್ಲಿ ಗಂಜಿ ಕಾಯಿಸಿ ಹಣ ಕೂಡಿಸುವುದು ಇಲ್ಲಿ ರೂಢಿಯಾಗಿದ್ದು, ಸ್ಕಾಟ್ಲೆಂಡಿನವರು ಓಟ್ಸ್ ಗಂಜಿ ಮಾಡಿದರೆ ನಮ್ಮವರು ರಾಗಿ ಅಂಬಲಿ ಮಾಡಿದರು. ಮಜ್ಜಿಗೆ, ಸಣ್ಣಗೆ ಹೆಚ್ಚಿದ ಈರುಳ್ಳಿ, ಹಸಿಮೆಣಸಿನಕಾಯಿ ಬೆರೆಸಿದ ಲೋಟ ನೋಡಿ ನೆರೆಯವರು ಮೊದಲು ಹಿಂಜರಿದರೂ, ಹಸಿಮೆಣಸಿಲ್ಲದ ಪಾತ್ರೆ ಬೇಗನೆ ಬರಿದಾಯಿತು. ರಾಗಿಯ ತವರು ಪೂರ್ವ ಆಫ್ರಿಕಾದ ಎತ್ತರದ ಪ್ರದೇಶ, ಮಲಾವಿಯಲ್ಲಿ ಅದನ್ನು ಈಗಲೂ ಬೆಳೆಯುತ್ತಾರೆ ಎಂದು ಬರೆದ ಒಂದು ಚೀಟಿಯನ್ನು ಮೇಜಿನ ಮೇಲೆ ಇಟ್ಟಿದ್ದೆವು. ಡಬ್ಬಿಗೆ ಹಣ ಬೀಳಲು ಅದರಿಂದ ಸಹಾಯವಾಯಿತೋ ಇಲ್ಲವೋ, ಮಾತಿಗಂತೂ ವಿಷಯ ಸಿಕ್ಕಿತು.

ಇಂಥ ಕಾರ್ಯಕ್ರಮ ನಡೆಸುವ ಕನ್ನಡಿಗರು ಬ್ರಿಟನ್ನಿನ ಗಿಫ್ಟ್ ಏಡ್ ನಿಯಮವನ್ನು ಸರಿಯಾಗಿ ತಿಳಿದಿರುವುದು ಒಳ್ಳೆಯದು. ಆದಾಯ ತೆರಿಗೆ ಕಟ್ಟುವವರು ಹೆಸರು, ವಿಳಾಸ ಬರೆದು ಘೋಷಣೆಗೆ ಸಹಿ ಮಾಡಿದರೆ, ಅವರು ಕೊಟ್ಟ ಪ್ರತಿ ಪೌಂಡಿಗೆ 25 ಪೆನ್ಸನ್ನು ಸಂಸ್ಥೆ ಸರ್ಕಾರದಿಂದ ಪಡೆಯಬಹುದು. ಆದರೆ ದೋಸೆಗೆ ಬೆಲೆ ಕಟ್ಟಿ ಮಾರಿದರೆ ಅದು ದಾನವಲ್ಲ, ವ್ಯಾಪಾರ. ಅದಕ್ಕೆ ಗಿಫ್ಟ್ ಏಡ್ ಅನ್ವಯಿಸದು. ಎಲ್ಲರಿಗೂ ಸುಮ್ಮನೆ ಬಡಿಸಿ, ಹಣ ಕೊಡುವುದು ನಿಜವಾಗಿಯೂ ಅವರವರ ಇಚ್ಛೆಗೆ ಬಿಟ್ಟದ್ದು ಎಂದು ಸ್ಪಷ್ಟಪಡಿಸಿ, ಡಬ್ಬಿಯ ಪಕ್ಕದಲ್ಲಿ ಘೋಷಣೆಯ ಲಕೋಟೆಗಳನ್ನು ಇಟ್ಟರೆ ಮಾತು ಬೇರೆ. ಆನ್‌ಲೈನ್ ಸಂಗ್ರಹದಲ್ಲಿ ಇನ್ನೊಂದು ಎಚ್ಚರಿಕೆ ಬೇಕು. ನಾವು ಬಳಸಿದ ಒಂದು ಖಾಸಗಿ ಜಾಲತಾಣ ದಾನಿಗಳ ಮೊತ್ತದ ಮೇಲೆ ತನಗೆಂದು ‘ಟಿಪ್ಸ್’ ಮೊದಲೇ ಸೇರಿಸಿ ತೋರಿಸುತ್ತಿತ್ತು; ಹೆಚ್ಚಿನವರು ಗಮನಿಸದೆ ಕೊಟ್ಟರು, ಗಮನಿಸಿದವರು ನಮ್ಮನ್ನು ಕೇಳಿದರು. ಆ ಮೇಲೆ ದಾನಿಗಳನ್ನು ನೇರವಾಗಿ ಸಂಸ್ಥೆಯ ಪುಟಕ್ಕೇ ಕಳಿಸುತ್ತಿದ್ದೇವೆ.

ಮಕ್ಕಳಿರುವ ಮನೆಗಳಿಗೆ ನಾನು ಹೆಚ್ಚು ಶಿಫಾರಸು ಮಾಡುವುದು ಬ್ಯಾಕ್‌ಪ್ಯಾಕ್ ಯೋಜನೆಯನ್ನು. ಒಳ್ಳೆಯ ಸ್ಥಿತಿಯಲ್ಲಿರುವ ಶಾಲಾ ಚೀಲದಲ್ಲಿ ನೋಟ್‌ಬುಕ್ಕು, ಪೆನ್ಸಿಲ್, ರಬ್ಬರ್, ಸ್ಕೇಲು, ಟವೆಲ್, ಅಂಗಿ, ಚಡ್ಡಿ ಅಥವಾ ಲಂಗ, ಚಪ್ಪಲಿ, ಸೋಪು, ಹಲ್ಲುಜ್ಜುವ ಬ್ರಷ್ಷು, ಪೇಸ್ಟು, ಒಂದು ಸಣ್ಣ ಚೆಂಡು, ಮತ್ತು ಒಂದು ಚಮಚ ತುಂಬಿ ಕೊಡಬೇಕು. ಪಟ್ಟಿಯಲ್ಲಿ ಎಲ್ಲರ ಕಣ್ಣೂ ನಿಲ್ಲುವುದು ಆ ಚಮಚದ ಮೇಲೆ. ಚೀಲ ತುಂಬುವಾಗ ನಮ್ಮ ಮಕ್ಕಳು ತಮ್ಮದೇ ಹಳೆಯ ಚಪ್ಪಲಿಯ ಪಟ್ಟಿ ಕಿತ್ತಿದೆಯೋ ಎಂದು ಎಳೆದು ನೋಡಿ, ಸಡಿಲವಾಗಿದ್ದನ್ನು ಪಕ್ಕಕ್ಕಿಟ್ಟರು. ಸಾಮಾನನ್ನು ಹಡಗಿನಲ್ಲಿ ಕಳಿಸುವ ಖರ್ಚಿಗಿಂತ ಹಣವನ್ನೇ ಕಳಿಸುವುದು ಮಿತವ್ಯಯವೆಂಬ ವಾದವಿದೆ, ಅದು ನಿಜವೂ ಹೌದು. ಆದರೂ ಹತ್ತು ವರ್ಷದ ಮಗುವಿಗೆ ಅರ್ಥವಾಗುವ ದಾನ ಯಾವುದು ಎಂದು ಕೇಳಿದರೆ ನಾನು ಚೀಲವನ್ನೇ ತೋರಿಸುತ್ತೇನೆ. ಕೊಟ್ಟ ಹಣವನ್ನು ದೊಡ್ಡ ದಾನಿಗಳು ಇಮ್ಮಡಿಗೊಳಿಸುವ ವಾರ್ಷಿಕ ಅಭಿಯಾನದ ಬಗ್ಗೆ ಮಾತ್ರ ನನಗೆ ಅಷ್ಟು ಉತ್ಸಾಹವಿಲ್ಲ. ನಾವು ಕೊಡದಿದ್ದರೆ ಆ ದೊಡ್ಡ ದಾನಿ ತನ್ನ ಹಣವನ್ನು ಹಿಂತೆಗೆದುಕೊಳ್ಳುತ್ತಾನೆಯೇ ಎಂಬ ಪ್ರಶ್ನೆಗೆ ಇಂಥ ಅಭಿಯಾನ ನಡೆಸುವ ಯಾವ ಸಂಸ್ಥೆಯೂ ನೇರ ಉತ್ತರ ಕೊಟ್ಟದ್ದನ್ನು ನಾನು ಕಂಡಿಲ್ಲ.

ಸಾಮಾನ್ಯರು ಎಷ್ಟು ಹಣ ಕೂಡಿಸಬಲ್ಲರು ಎಂಬುದಕ್ಕೆ 2012ರ ಉದಾಹರಣೆ ಇಲ್ಲಿ ಈಗಲೂ ಮಾತಿನಲ್ಲಿದೆ. ಆರ್ಗೈಲ್ ಪ್ರದೇಶದ ಒಂಬತ್ತು ವರ್ಷದ ಶಾಲಾ ಬಾಲಕಿಯೊಬ್ಬಳು ತನ್ನ ಶಾಲೆಯ ಮಧ್ಯಾಹ್ನದ ಊಟದ ಫೋಟೋ ತೆಗೆದು, ಅಂಕ ಕೊಟ್ಟು ತನ್ನ ಬ್ಲಾಗಿನಲ್ಲಿ ಬರೆಯುತ್ತಿದ್ದಳು, ಜೊತೆಗೆ ಮೇರೀಸ್ ಮೀಲ್ಸ್‌ಗೆ ಹಣ ಕೇಳುತ್ತಿದ್ದಳು. ಸ್ಥಳೀಯ ಆಡಳಿತ ಫೋಟೋ ತೆಗೆಯುವುದನ್ನು ನಿಷೇಧಿಸಿದ ಸುದ್ದಿ ಹರಡುತ್ತಿದ್ದಂತೆ ಜಗತ್ತಿನ ಮೂಲೆಮೂಲೆಯಿಂದ ಹಣ ಹರಿದು ಬಂದು ಒಂದು ಲಕ್ಷ ಪೌಂಡ್ ದಾಟಿತು. ನಿಷೇಧವೂ ಬೇಗನೆ ರದ್ದಾಯಿತು. ಮಲಾವಿಯ ಬ್ಲಾಂಟೈರ್ ಬಳಿಯ ಶಾಲೆಯೊಂದರಲ್ಲಿ ಆ ಹಣದಿಂದ ಅಡುಗೆಮನೆ ಎದ್ದಿತು.

ಈಗ ಅಡುಗೆಮನೆಯ ಒಳಗಿನ ಮಾತು. ಮಲಾವಿಯ ಶಾಲೆಗಳಲ್ಲಿ ನಸುಕಿನಲ್ಲೇ ಬಂದು ಸೌದೆ ಒಲೆ ಹಚ್ಚಿ, ನೀರು ಹೊತ್ತು, ಹಂಡೆಯ ಗಂಜಿಯನ್ನು ಗಂಟಾಗದಂತೆ ಉದ್ದನೆಯ ಸೌಟಿನಿಂದ ತಿರುವುವವರು ಆಯಾ ಊರಿನ ಸ್ವಯಂಸೇವಕರು, ಬಹುಪಾಲು ಆ ಮಕ್ಕಳ ತಾಯಂದಿರು ಮತ್ತು ಅಜ್ಜಿಯರು. ಅವರಿಗೆ ಸಂಬಳವಿಲ್ಲ. ಸರದಿಯ ಮೇಲೆ ಹಂಚಿಕೊಂಡು ಮಾಡುವ ಕೆಲಸವಿದು, ಊಟ ನಮ್ಮದೇ ಎಂಬ ಭಾವ ಊರಿನಲ್ಲಿ ಬೇರೂರುವುದು ಇದರಿಂದಲೇ ಎಂಬುದು ಸಂಸ್ಥೆಯ ನಿಲುವು. ಆ ನಿಲುವನ್ನು ನಾನು ಅರ್ಧಕ್ಕೆ ಒಪ್ಪುತ್ತೇನೆ. ಊರವರ ಕೈಯಲ್ಲಿ ಉಗ್ರಾಣದ ಬೀಗದ ಕೈ ಇದ್ದರೆ ಹಿಟ್ಟು ದಾರಿತಪ್ಪುವುದು ಕಡಿಮೆ ಎಂಬುದರಲ್ಲಿ ಸಂದೇಹವಿಲ್ಲ. ಆದರೆ ಕರ್ನಾಟಕದಲ್ಲಿ ಬಿಸಿಯೂಟದ ಅಡುಗೆಯ ಅಕ್ಕಂದಿರು ತಮ್ಮದು ಸೇವೆಯಲ್ಲ, ಕೆಲಸ, ಗೌರವಧನ ಸಾಲದು ಎಂದು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಮತ್ತೆ ಮತ್ತೆ ಧರಣಿ ಕೂತದ್ದನ್ನು ಕಂಡವರಿಗೆ, ಆ ಗೌರವಧನವೂ ಇಲ್ಲದ ಏರ್ಪಾಡನ್ನು ಬರಿಯ ಉತ್ಸಾಹದಿಂದ ಹೊಗಳಲು ನಾಲಿಗೆ ಏಳುವುದಿಲ್ಲ. ಇಲ್ಲಿ ಒಂದು ಮಧ್ಯಾಹ್ನ ಅಂಬಲಿ ಹಂಚಿದ ನಮಗೆ ಧನ್ಯವಾದದ ಪತ್ರ ಬರುತ್ತದೆ. ಹೊಲದ ಕೆಲಸದ ನಡುವೆ ಬೆಳಗಿನ ಹೊತ್ತನ್ನು ಕೊಡುವವರು ಅವರು. 19.15 ಪೌಂಡಿನ ಅಗ್ಗ, 93 ಪೆನ್ಸಿನ ಹೆಮ್ಮೆ, ಎರಡೂ ನಿಂತಿರುವುದು ಲೆಕ್ಕಕ್ಕೆ ಬಾರದ ಈ ದುಡಿಮೆಯ ಮೇಲೆ. ಬೆಲೆಯನ್ನು ಮುದ್ರಿಸುವ ಅದೇ ದಪ್ಪಕ್ಷರದಲ್ಲಿ ಈ ಮಾತನ್ನೂ ಮುದ್ರಿಸಬೇಕೆಂದು ನನ್ನ ಅಭಿಪ್ರಾಯ. ನಾನು ಐದಕ್ಕೆ ನಾಲ್ಕು ಅಂಕ ಕೊಡುವುದು ಈ ಕಾರಣಕ್ಕೆ.

ಊಟ ಕೊಟ್ಟರೆ ಓದು ತಾನಾಗಿ ಬರುತ್ತದೆಯೇ ಎಂದು ಕೇಳುವವರಿಗೂ ಪ್ರಾಮಾಣಿಕ ಉತ್ತರ ಸಲ್ಲಬೇಕು. ಮೇರೀಸ್ ಮೀಲ್ಸ್‌ಗೆ ಸಂಬಂಧಿಸದ, ಪಶ್ಚಿಮ ಕೀನ್ಯಾದ ಶಿಶುಶಾಲೆಗಳಲ್ಲಿ ನಡೆದ ಒಂದು ಅಧ್ಯಯನದಲ್ಲಿ, ಬೆಳಗಿನ ಗಂಜಿ ಕೊಟ್ಟ ಶಾಲೆಗಳಲ್ಲಿ ಹಾಜರಾತಿ ಸುಮಾರು ಶೇಕಡಾ 30ರಷ್ಟು ಹೆಚ್ಚಿತ್ತು. ಪರೀಕ್ಷೆಯ ಅಂಕಗಳು ಮಾತ್ರ ಶಿಕ್ಷಕರು ಪಳಗಿದವರಾಗಿದ್ದ ಕಡೆಗಳಲ್ಲಷ್ಟೇ ಏರಿದವು. 1994ರಲ್ಲಿ ಪ್ರಾಥಮಿಕ ಶಿಕ್ಷಣವನ್ನು ಶುಲ್ಕಮುಕ್ತಗೊಳಿಸಿದ ಮೇಲೆ ಮಲಾವಿಯ ತರಗತಿಗಳು ತುಂಬಿ ತುಳುಕಿದವು. ಊಟ ಮಗುವನ್ನು ಬಾಗಿಲಿನವರೆಗೆ ಕರೆತರಬಲ್ಲದು, ಒಳಗೆ ಶಿಕ್ಷಕರನ್ನು ನೇಮಿಸುವ ಹೊಣೆ ಆ ಸರ್ಕಾರದ್ದು. ಸಂಸ್ಥೆ ತನ್ನ ಕೆಲಸದ ಈ ಮಿತಿಯನ್ನು ಮುಚ್ಚಿಡುವುದಿಲ್ಲ, ಆದರೆ ಒತ್ತಿ ಹೇಳುವುದೂ ಇಲ್ಲ.

ಡಬ್ಬಿ ಹಿಡಿದಾಗಲೆಲ್ಲ ನಮ್ಮವರಿಂದ ಬರುವ ಪ್ರಶ್ನೆ ಒಂದಿದೆ. ಹಿರಿಯರೊಬ್ಬರು, “ಅಲ್ಲಾ ಸ್ವಾಮಿ, ನಮ್ಮ ಕಡೆಯ ಮಕ್ಕಳನ್ನ ಬಿಟ್ಟು ಆಫ್ರಿಕಾಕ್ಕೆ ಯಾಕೆ ಕಳಿಸ್ತೀರಿ?” ಎಂದು ಕೇಳಿದರು. ಪ್ರಶ್ನೆಯಲ್ಲಿ ತಪ್ಪೇನೂ ಇಲ್ಲ. ಆದರೆ 2001ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಬೇಯಿಸಿದ ಊಟ ಕೊಡಬೇಕೆಂದು ಆದೇಶಿಸಿದ ಮೇಲೆ, ಕರ್ನಾಟಕದ ಅಕ್ಷರ ದಾಸೋಹವೂ ಸೇರಿದಂತೆ ಸರ್ಕಾರಿ ಶಾಲೆಯ ಬಿಸಿಯೂಟ ನಮ್ಮಲ್ಲಿ ಬೇರುಬಿಟ್ಟಿತು. 2013ರ ಆಹಾರ ಭದ್ರತಾ ಕಾಯ್ದೆ ಅದನ್ನು ಮಕ್ಕಳ ಹಕ್ಕಾಗಿಸಿತು. ಅಲ್ಲಿ ಊಟ ತಪ್ಪಿದರೆ ಕೇಳಲು ಒಂದು ಕಚೇರಿಯಿದೆ. ಮಲಾವಿಯ ಹಳ್ಳಿಯ ಶಾಲೆಗೆ ಅಷ್ಟು ಗಟ್ಟಿಯಾದ ಸರ್ಕಾರಿ ಆಸರೆ ಇಲ್ಲ. ನಾನು ಹೀಗೆ ಹೇಳಿದಾಗ ಅವರು, “ಹಾಗಾದ್ರೆ ಎರಡೂ ಕಡೆ ಹಾಕಿ” ಎಂದು ಡಬ್ಬಿಗೆ ಒಂದು ನೋಟು ತುರುಕಿದರು.

ಹೆಸರಿನಲ್ಲಿರುವ ಮೇರಿ ಯೇಸುವಿನ ತಾಯಿಯೇ. ಸಂಸ್ಥಾಪಕರ ಮನೆತನ ಕ್ಯಾಥೊಲಿಕ್ ಶ್ರದ್ಧೆಯದು. ಊಟಕ್ಕೆ ಮಕ್ಕಳ ಧರ್ಮವನ್ನು ನೋಡುವುದಿಲ್ಲವೆಂದು ಸಂಸ್ಥೆ ಸ್ಪಷ್ಟವಾಗಿ ಹೇಳುತ್ತದೆ, ಹಣ ಕೂಡಿಸುವವರ ಧರ್ಮವನ್ನೂ ನಮ್ಮನ್ನು ಯಾರೂ ಕೇಳಿಲ್ಲ.

ಕರ್ನಾಟಕದಲ್ಲಿಯೇ ಇದ್ದು ಕೊಡಲು ಬಯಸುವವರಿಗೆ ಕೊನೆಯದಾಗಿ ಒಂದು ವ್ಯವಹಾರದ ಮಾತು. ಭಾರತದಲ್ಲಿ ವಾಸಿಸುವವರು ವಿದೇಶಿ ದತ್ತಿ ಸಂಸ್ಥೆಗೆ ದಾನ ಕಳಿಸಲು ರಿಸರ್ವ್ ಬ್ಯಾಂಕಿನ ಉದಾರೀಕೃತ ಹಣ ರವಾನೆ ಯೋಜನೆಯಲ್ಲಿ ಅವಕಾಶವಿದೆ. ಆದರೆ ಆ ಮೊತ್ತಕ್ಕೆ ಆದಾಯ ತೆರಿಗೆಯ 80ಜಿ ವಿನಾಯಿತಿ ದೊರೆಯುವುದಿಲ್ಲ, ಸಣ್ಣ ಮೊತ್ತವಾದರೆ ಬ್ಯಾಂಕಿನ ರವಾನೆ ಶುಲ್ಕವೇ ಒಂದು ಮಗುವಿನ ಹಲವು ದಿನಗಳ ಗಂಜಿಯನ್ನು ನುಂಗಿಬಿಡುತ್ತದೆ. ಅಂಥವರು ಬ್ರಿಟನ್ನಿನಲ್ಲಿರುವ ಮಗ, ಮಗಳು ಅಥವಾ ಬಂಧುಗಳ ಮೂಲಕ ಗಿಫ್ಟ್ ಏಡ್ ಲಾಭ ಪಡೆಯುವ ಯೋಚನೆಯನ್ನೂ ಮಾಡಬೇಡಿ; ಘೋಷಣೆಗೆ ಸಹಿ ಮಾಡುವವರು ತಮ್ಮ ಸ್ವಂತ ಹಣವನ್ನೇ ಕೊಟ್ಟಿರಬೇಕು.