ತಲೆಪೆಟ್ಟಿನ ರೋಗಿ ಉಳಿಯುವ ಸಾಧ್ಯತೆಯನ್ನು ಲೆಕ್ಕ ಹಾಕುವ ‘ಕ್ರ್ಯಾಶ್’ ಕ್ಯಾಲ್ಕ್ಯುಲೇಟರ್: ಒಂದು ವಿಮರ್ಶೆ

ತಲೆಗೆ ತೀವ್ರ ಪೆಟ್ಟಾಗಿ ಐಸಿಯು ಸೇರಿದವರ ಮನೆಯವರು ಬಾಗಿಲಲ್ಲಿ ಸಿಕ್ಕ ವೈದ್ಯರನ್ನು ಮೊದಲು ಕೇಳುವುದು ‘ಎಷ್ಟು ಪರ್ಸೆಂಟ್ ಚಾನ್ಸ್ ಇದೆ ಡಾಕ್ಟ್ರೇ?’ ಎಂದು. ‘ಎಪ್ಪತ್ತೆರಡು ಗಂಟೆ ಕಳೆಯಲಿ, ಈಗಲೇ ಏನೂ ಹೇಳಲಾಗದು’ ಎಂಬುದು ಅವರಿಗೆ ಬಹುಮಟ್ಟಿಗೆ ಸಿಗುವ ಉತ್ತರ. ಅದೇ ಪ್ರಶ್ನೆಗೆ ಶೇಕಡಾ ಲೆಕ್ಕದಲ್ಲೇ ಉತ್ತರ ಕೊಡುವ, ಹಣ ಕೇಳದ, ಮೊಬೈಲಿನಲ್ಲಿ ಯಾರು ಬೇಕಾದರೂ ತೆರೆಯಬಹುದಾದ ಒಂದು ಸಾಧನವಿದೆ: ತಲೆಪೆಟ್ಟಿನ ಚಿಕಿತ್ಸೆಯನ್ನು ಕುರಿತ ‘ಕ್ರ್ಯಾಶ್’ ಎಂಬ ಅಧ್ಯಯನದ ಅಂಕಿಅಂಶಗಳಿಂದ ರೂಪುಗೊಂಡ ಕ್ಯಾಲ್ಕ್ಯುಲೇಟರ್. ವೈದ್ಯರಿಗಾಗಿ ಮಾಡಿದ ಈ ಸಾಧನವನ್ನು ಮನೆಯವರೂ ತೆರೆದು ನೋಡಬಲ್ಲರಾದ್ದರಿಂದ, ಅದು ಏನನ್ನು ಹೇಳುತ್ತದೆ, ಏನನ್ನು ಹೇಳುವುದಿಲ್ಲ ಎಂಬುದನ್ನು ಕನ್ನಡದಲ್ಲಿ ವಿವರವಾಗಿ ಬರೆಯುವುದು ಅಗತ್ಯವೆಂದು ನನಗೆ ತೋರಿತು.

ಬಳಕೆ ಸುಲಭ. ದೇಶ, ವಯಸ್ಸು, ಜಿಸಿಎಸ್ ಅಂಕ (ರೋಗಿಗೆ ಎಷ್ಟು ಎಚ್ಚರವಿದೆ ಎಂಬುದರ ಅಳತೆ), ಬೆಳಕು ಬಿಟ್ಟಾಗ ಕಣ್ಣಿನ ಪಾಪೆಗಳು ಎರಡೂ ಕುಗ್ಗುತ್ತವೆಯೇ, ಒಂದೇ ಕುಗ್ಗುತ್ತದೆಯೇ ಅಥವಾ ಯಾವುದೂ ಇಲ್ಲವೇ, ತಲೆಯಲ್ಲದೆ ದೇಹದ ಬೇರೆ ಭಾಗಕ್ಕೂ ದೊಡ್ಡ ಗಾಯವಾಗಿದೆಯೇ ಎಂಬಿಷ್ಟನ್ನು ತುಂಬಬೇಕು. ಸಿಟಿ ಸ್ಕ್ಯಾನ್ ಆಗಿದ್ದರೆ ಮೆದುಳಿನಲ್ಲಿ ಚುಕ್ಕೆಗಳಂಥ ರಕ್ತಸ್ರಾವ ಇದೆಯೇ, ಒಳಗಿನ ದ್ರವದ ಜಾಗಗಳು ಒತ್ತಡದಿಂದ ಮುಚ್ಚಿಹೋಗಿವೆಯೇ, ಮಧ್ಯರೇಖೆ ಒಂದು ಬದಿಗೆ ಸರಿದಿದೆಯೇ, ಹೆಪ್ಪುಗಟ್ಟಿದ ರಕ್ತವನ್ನು ತೆಗೆಯದೆ ಉಳಿಸಲಾಗಿದೆಯೇ ಎಂಬಂಥ ವಿವರಗಳನ್ನೂ ಸೇರಿಸಬಹುದು. ಆಗ ಎರಡು ಉತ್ತರಗಳು ಬರುತ್ತವೆ: ಹದಿನಾಲ್ಕು ದಿನದೊಳಗೆ ಸಾವಿನ ಸಂಭವ ಎಷ್ಟು, ಮತ್ತು ಆರು ತಿಂಗಳ ಹೊತ್ತಿಗೆ ಫಲಿತಾಂಶ ಕೆಟ್ಟದಾಗಿರುವ ಸಂಭವ ಎಷ್ಟು. ಬೇರೆಲ್ಲವನ್ನೂ ಹಾಗೆಯೇ ಇಟ್ಟು ಪಾಪೆಗಳ ಉತ್ತರವನ್ನಷ್ಟೇ ‘ಎರಡೂ’ ಎಂಬುದರಿಂದ ‘ಯಾವುದೂ ಇಲ್ಲ’ ಎಂಬುದಕ್ಕೆ ಬದಲಿಸಿದರೆ ಅಪಾಯದ ಅಂಕಿ ಗಣನೀಯವಾಗಿ ಏರುತ್ತದೆ. ಸಿಸ್ಟರ್‌ಗಳು ಟಾರ್ಚ್ ಹಿಡಿದು ಮತ್ತೆ ಮತ್ತೆ ಕಣ್ಣು ನೋಡುವುದು ಏಕೆಂಬುದು ಆಗ ಮನೆಯವರಿಗೂ ತಿಳಿಯುತ್ತದೆ.

ಈ ಲೆಕ್ಕದ ಹಿಂದಿರುವ ಅಧ್ಯಯನವೇ ಗಮನಾರ್ಹವಾದುದು. ತಲೆಪೆಟ್ಟಿಗೆ ದಶಕಗಳ ಕಾಲ ಕೊಡುತ್ತಿದ್ದ ಸ್ಟೆರಾಯ್ಡ್ ನಿಜಕ್ಕೂ ಜೀವ ಉಳಿಸುತ್ತದೆಯೇ ಎಂದು ಪರೀಕ್ಷಿಸಲು 1999ರಲ್ಲಿ ಆರಂಭವಾದ ಈ ಪ್ರಯೋಗ 49 ದೇಶಗಳ 239 ಆಸ್ಪತ್ರೆಗಳಲ್ಲಿ ನಡೆಯಿತು. ಇಪ್ಪತ್ತು ಸಾವಿರ ರೋಗಿಗಳನ್ನು ಸೇರಿಸುವ ಉದ್ದೇಶವಿತ್ತು. ಆದರೆ 10,008 ಮಂದಿ ಸೇರುವ ಹೊತ್ತಿಗೆ, ಸ್ಟೆರಾಯ್ಡ್ ಪಡೆದವರಲ್ಲಿ ಎರಡು ವಾರದೊಳಗೆ ಶೇ. 21.1ರಷ್ಟು, ಪಡೆಯದವರಲ್ಲಿ ಶೇ. 17.9ರಷ್ಟು ಸಾವು ಸಂಭವಿಸಿರುವುದು ಕಂಡುಬಂದು 2004ರಲ್ಲಿ ಪ್ರಯೋಗವನ್ನು ನಿಲ್ಲಿಸಲಾಯಿತು. ಔಷಧವೆಂದು ನಂಬಿದ್ದೇ ಜೀವಗಳನ್ನು ತೆಗೆಯುತ್ತಿತ್ತು. ಅದೇ ರೋಗಿಗಳ ವಿವರಗಳಿಂದ ಕಟ್ಟಿದ ಲೆಕ್ಕಾಚಾರದ ಮಾದರಿ 2008ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾಯಿತು.

ನಮ್ಮಂಥ ದೇಶಕ್ಕೆ ಇದರಲ್ಲಿ ಎರಡು ದೊಡ್ಡ ಅನುಕೂಲಗಳಿವೆ. ಆ ರೋಗಿಗಳಲ್ಲಿ ಸುಮಾರು ಮುಕ್ಕಾಲು ಪಾಲು ಬಡ ಮತ್ತು ಮಧ್ಯಮ ಆದಾಯದ ದೇಶಗಳವರಾಗಿದ್ದರಿಂದ, ಅಂಥ ದೇಶಗಳಿಗೂ ಶ್ರೀಮಂತ ದೇಶಗಳಿಗೂ ಬೇರೆ ಬೇರೆ ಲೆಕ್ಕವಿದೆ. ಒಂದೇ ತೀವ್ರತೆಯ ಪೆಟ್ಟಿಗೆ ಎರಡು ಕಡೆ ಒಂದೇ ಫಲಿತಾಂಶ ಸಿಗುವುದಿಲ್ಲ ಎಂಬ ಕಹಿ ಸತ್ಯವನ್ನು ಅದು ಮರೆಮಾಚುವುದಿಲ್ಲ. ಎರಡನೆಯದಾಗಿ, ಸ್ಕ್ಯಾನ್ ಇಲ್ಲದೆಯೂ ಲೆಕ್ಕ ನಡೆಯುತ್ತದೆ. ಸಿಟಿ ಯಂತ್ರವಿಲ್ಲದ ತಾಲ್ಲೂಕು ಆಸ್ಪತ್ರೆಯಲ್ಲಿರುವ ವೈದ್ಯರು, ರೋಗಿಯನ್ನು ಬೆಂಗಳೂರಿನ ನಿಮ್ಹಾನ್ಸ್‌ಗೋ ಹತ್ತಿರದ ಮೆಡಿಕಲ್ ಕಾಲೇಜಿಗೋ ಎಷ್ಟು ತುರ್ತಾಗಿ ಕಳಿಸಬೇಕೆಂದು ಮನೆಯವರಿಗೆ ವಿವರಿಸುವಾಗ ಇದು ನೆರವಿಗೆ ಬಂದೀತು. ಅಂಕಿಯ ಜೊತೆಗೆ ಅದು ಎಷ್ಟರಿಂದ ಎಷ್ಟರವರೆಗೆ ಇರಬಹುದೆಂಬ ವ್ಯಾಪ್ತಿಯನ್ನೂ ತೋರಿಸುತ್ತಾರೆ. ಆ ವ್ಯಾಪ್ತಿಯನ್ನು ಓದದೆ ನಡುವಿನ ಒಂದೇ ಅಂಕಿಯನ್ನು ಹಿಡಿದುಕೊಳ್ಳಬಾರದು.

ಇನ್ನು ನನ್ನ ಮುಖ್ಯ ಆಕ್ಷೇಪಕ್ಕೆ ಬರುತ್ತೇನೆ. ಆರು ತಿಂಗಳ ‘ಕೆಟ್ಟ ಫಲಿತಾಂಶ’ ಎಂಬ ಒಂದೇ ಅಂಕಿಯೊಳಗೆ ಮೂರು ಗುಂಪುಗಳು ಸೇರಿವೆ: ಸತ್ತವರು, ಎಚ್ಚರವಿಲ್ಲದೆ ಉಸಿರಾಡುತ್ತಿರುವವರು, ಮತ್ತು ತೀವ್ರ ಅಂಗವೈಕಲ್ಯವಿದ್ದು ದಿನನಿತ್ಯದ ಬದುಕಿಗೆ ಇತರರ ನೆರವು ಬೇಕಾದವರು. ಈ ಮೂರನೆಯ ಗುಂಪಿನಲ್ಲಿ ಮನೆಯವರನ್ನು ಗುರುತಿಸಿ ಮಾತನಾಡುವವರು, ಕೆಲವು ಗಂಟೆ ಮನೆಯಲ್ಲಿ ಒಬ್ಬರೇ ಇರಬಲ್ಲವರು, ಆದರೆ ಅಂಗಡಿಗೆ ಹೋಗಲು ಅಥವಾ ಬಸ್ಸು ಹತ್ತಲು ಜೊತೆಗೊಬ್ಬರು ಬೇಕಾದವರೂ ಇರುತ್ತಾರೆ. ಕೂಡು ಕುಟುಂಬದ ಆಸರೆಯಿರುವ ಎಷ್ಟೋ ಮನೆಗಳಲ್ಲಿ ಇಂಥ ಬದುಕನ್ನು ಸಾವಿನ ಸಾಲಿನಲ್ಲಿ ಯಾರೂ ಇಡುವುದಿಲ್ಲ. ‘ಶೇ. 80’ ಎಂಬುದನ್ನು ಓದಿದ ತಂದೆಯೊಬ್ಬರು ಅದನ್ನು ಸಾವಿನ ಲೆಕ್ಕವೆಂದೇ ಭಾವಿಸಿದರೆ ತಪ್ಪು ಅವರದಲ್ಲ.

ಈ ಗುಂಪುಗಳನ್ನು ಬೇರ್ಪಡಿಸಿ ತೋರಿಸುವುದು ಎಷ್ಟು ಮುಖ್ಯವೆಂಬುದು 2016ರಲ್ಲಿ ಪ್ರಕಟವಾದ ‘ರೆಸ್ಕ್ಯೂ ಐಸಿಪಿ’ ಅಧ್ಯಯನದಿಂದ ಸ್ಪಷ್ಟವಾಗುತ್ತದೆ. ಮೆದುಳಿನ ಒತ್ತಡ ಇಳಿಯದಿದ್ದಾಗ ತಲೆಬುರುಡೆಯ ಒಂದು ಭಾಗವನ್ನು ತೆಗೆದಿಟ್ಟವರಲ್ಲಿ ಆರು ತಿಂಗಳಲ್ಲಿ ಸತ್ತವರು ಶೇ. 26.9; ಔಷಧ ಚಿಕಿತ್ಸೆಯನ್ನೇ ಮುಂದುವರಿಸಿದವರಲ್ಲಿ ಶೇ. 48.9. ಸಾವು ಇಷ್ಟು ಇಳಿದರೂ, ಎಚ್ಚರವಿಲ್ಲದ ಸ್ಥಿತಿಯಲ್ಲಿ ಉಳಿದವರ ಪ್ರಮಾಣ ಶಸ್ತ್ರಚಿಕಿತ್ಸೆಯ ಗುಂಪಿನಲ್ಲಿ ಶೇ. 8.5, ಇನ್ನೊಂದರಲ್ಲಿ ಶೇ. 2.1. ಸಹಿ ಹಾಕುವ ಮುನ್ನ ಮನೆಯವರಿಗೆ ಗೊತ್ತಿರಬೇಕಾದದ್ದು ಈ ಎರಡೂ ಅಂಕಿಗಳು. ಅವನ್ನು ಒಂದಾಗಿ ಬೆರೆಸಿದರೆ ನಿರ್ಧಾರಕ್ಕೆ ಬೇಕಾದ ಮಾಹಿತಿಯೇ ಕಳೆದುಹೋಗುತ್ತದೆ.

ತುಂಬುವ ವಿವರಗಳ ವಿಷಯದಲ್ಲೂ ಎಚ್ಚರ ಬೇಕು. 1974ರಲ್ಲಿ ಗ್ಲ್ಯಾಸ್ಗೋದ ಟೀಸ್‌ಡೇಲ್ ಮತ್ತು ಜೆನೆಟ್ ರೂಪಿಸಿದ ಜಿಸಿಎಸ್, ಕಣ್ಣು ತೆರೆಯುವುದು, ಮಾತು, ಕೈಕಾಲಿನ ಚಲನೆ ಇವನ್ನು ಸೇರಿಸಿ 3ರಿಂದ 15ರವರೆಗೆ ಅಂಕ ಕೊಡುತ್ತದೆ. 8 ಅಥವಾ ಅದಕ್ಕಿಂತ ಕಡಿಮೆಯಾದರೆ ತೀವ್ರ ಪೆಟ್ಟು. ಆದರೆ ಗಂಟಲಿಗೆ ಟ್ಯೂಬ್ ಹಾಕಿದವರು ಮಾತನಾಡಲಾರರು, ನಿದ್ರೆಯ ಔಷಧ ಕೊಟ್ಟವರು ಕೈ ಎತ್ತಲಾರರು, ಮುಖ ಊದಿಕೊಂಡವರು ಕಣ್ಣು ತೆರೆಯಲಾರರು, ಕುಡಿದು ಬಿದ್ದವರ ಅಂಕ ಅಮಲು ಇಳಿದಂತೆ ಏರಬಹುದು. ಆದ್ದರಿಂದ ಕೇಸ್ ಶೀಟಿನಲ್ಲಿ ಕಂಡ ಅಂಕವನ್ನು ತಾವೇ ತೆಗೆದು ತುಂಬುವುದನ್ನು ಮನೆಯವರಿಗೆ ನಾನು ಸಲಹೆ ಮಾಡುವುದಿಲ್ಲ. ಕ್ರ್ಯಾಶ್ ಅಧ್ಯಯನಕ್ಕೆ ಸೇರಿದವರು ಪೆಟ್ಟಾದ ಎಂಟು ಗಂಟೆಯೊಳಗಿನ ವಯಸ್ಕರು ಎಂಬುದನ್ನೂ ಮರೆಯಬಾರದು: ಮಕ್ಕಳಿಗೆ ಇದು ಅನ್ವಯಿಸದು, ಮೂರನೆಯ ದಿನದ ಸ್ಥಿತಿಗೂ ಅಲ್ಲ.

ರಕ್ತದೊತ್ತಡ ಕುಸಿದಿತ್ತೇ, ಆಮ್ಲಜನಕ ಕಡಿಮೆಯಾಗಿತ್ತೇ ಎಂದು ಇದು ಕೇಳುವುದೇ ಇಲ್ಲ. ದಾರಿಯಲ್ಲೇ ಉಸಿರು ಕಟ್ಟಿ, ರಕ್ತ ಸೋರಿ ಆಗುವ ಎರಡನೆಯ ಹಾನಿ ಮೊದಲ ಪೆಟ್ಟಿಗಿಂತ ಕಡಿಮೆಯದಲ್ಲ. ಇದೇ ಬಗೆಯ ‘ಇಂಪ್ಯಾಕ್ಟ್’ ಕ್ಯಾಲ್ಕ್ಯುಲೇಟರ್ ಈ ಎರಡನ್ನೂ, ಜೊತೆಗೆ ರಕ್ತದ ಸಕ್ಕರೆ ಮತ್ತು ಹಿಮೋಗ್ಲೋಬಿನ್‌ಗಳನ್ನೂ ಪರಿಗಣಿಸುತ್ತದೆ. ಅದರಲ್ಲಿ ನಮ್ಮಂಥ ದೇಶಗಳಿಗೆ ಪ್ರತ್ಯೇಕ ಲೆಕ್ಕವಿಲ್ಲ.

ಎಲ್ಲಕ್ಕಿಂತ ಗಂಭೀರವಾದ ಸಂಗತಿ ಬೇರೆಯೇ ಇದೆ. ಕೆನಡಾದ ಆರು ಟ್ರಾಮಾ ಕೇಂದ್ರಗಳಲ್ಲಿ ತೀವ್ರ ತಲೆಪೆಟ್ಟಿನ 720 ರೋಗಿಗಳನ್ನು ಕುರಿತ, 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಆಸ್ಪತ್ರೆಯಲ್ಲಿ ಸತ್ತವರ ಪೈಕಿ ಶೇ. 70ರಷ್ಟು ಮಂದಿ ಜೀವರಕ್ಷಕ ಚಿಕಿತ್ಸೆಯನ್ನು ನಿಲ್ಲಿಸಿದ ಬಳಿಕ ಸತ್ತಿದ್ದರು. ಅಂಥ ಸಾವುಗಳಲ್ಲಿ ಸುಮಾರು ಅರ್ಧದಷ್ಟು ಮೊದಲ ಮೂರು ದಿನದೊಳಗಿನವು. ಉಳಿಯುವುದಿಲ್ಲವೆಂದು ನಂಬಿ ಚಿಕಿತ್ಸೆ ನಿಲ್ಲಿಸಿದರೆ ಆ ನಂಬಿಕೆ ತಾನಾಗಿಯೇ ನಿಜವಾಗುತ್ತದೆ. ಅಮೆರಿಕದ ‘ಟ್ರ್ಯಾಕ್ ಟಿಬಿಐ’ ಅಧ್ಯಯನದ 2021ರ ವರದಿಯಲ್ಲಿ, ಎರಡು ವಾರದ ಹೊತ್ತಿಗೂ ಎಚ್ಚರದ ಲಕ್ಷಣವಿಲ್ಲದ 79 ಮಂದಿಯಲ್ಲಿ 62 ಮಂದಿಗೆ ವರ್ಷದೊಳಗೆ ಪ್ರಜ್ಞೆ ಮರಳಿತ್ತು. ನಮ್ಮಲ್ಲಿ ಖರ್ಚು ಭರಿಸಲಾಗದೆ ವೈದ್ಯರ ಸಲಹೆಗೆ ವಿರುದ್ಧವಾಗಿ ಸಹಿ ಮಾಡಿ ರೋಗಿಯನ್ನು ಮನೆಗೆ ಒಯ್ಯುವ ಕುಟುಂಬಗಳಿವೆ. ಮೊದಲ ರಾತ್ರಿಯೇ ಮೊಬೈಲಿನಲ್ಲಿ ಕಂಡ ಒಂದು ಅಂಕಿ ಅಂಥವರ ನಿರ್ಧಾರವನ್ನು ವಾಲಿಸಿಬಿಡಬಾರದು. ನೂರು ಮಂದಿಯಲ್ಲಿ ಎಷ್ಟು ಮಂದಿ ಸತ್ತರೆಂದು ಹೇಳುವ ಲೆಕ್ಕ, ಮುಂದಿರುವ ಒಬ್ಬರು ಯಾವ ಕಡೆ ಸೇರುತ್ತಾರೆಂದು ಹೇಳಲಾರದು.

ನರಶಸ್ತ್ರಚಿಕಿತ್ಸಕರಿಗೆ, ಐಸಿಯು ವೈದ್ಯರಿಗೆ, ಆಸ್ಪತ್ರೆಗಳು ತಮ್ಮ ಸಾವಿನ ಪ್ರಮಾಣವನ್ನು ಹೋಲಿಸಿ ನೋಡುವುದಕ್ಕೆ ಇದನ್ನು ನಿಸ್ಸಂಕೋಚವಾಗಿ ಶಿಫಾರಸು ಮಾಡುತ್ತೇನೆ. ಮನೆಯವರು ನೋಡುವುದಾದರೆ ವೈದ್ಯರ ಪಕ್ಕದಲ್ಲೇ ಕೂತು, ಅವರಿಂದಲೇ ವಿವರ ತುಂಬಿಸಿ ನೋಡಲಿ. ಆರು ತಿಂಗಳ ಅಂಕಿಯಲ್ಲಿ ಸಾವಿನ ಪಾಲೆಷ್ಟು, ಅಂಗವೈಕಲ್ಯದ ಪಾಲೆಷ್ಟು ಎಂದು ನೇರವಾಗಿ ಕೇಳಲಿ. ಮೂಲ ಅಧ್ಯಯನದಲ್ಲಿ ಆರು ತಿಂಗಳಿಗೆ ಶೇ. 24ರಷ್ಟು ಮಂದಿ ಸತ್ತಿದ್ದರು. ತೀವ್ರ ಅಂಗವೈಕಲ್ಯದವರನ್ನೂ ಸೇರಿಸಿದರೆ ಅದು ಶೇ. 37 ಆಗುತ್ತಿತ್ತು. ಅಂದರೆ ಬೇರ್ಪಡಿಸಿ ತೋರಿಸಲು ಬೇಕಾದ ಮಾಹಿತಿ ಆಗಲೇ ಸಂಗ್ರಹವಾಗಿತ್ತು. ಅದನ್ನು ತೆರೆಯ ಮೇಲೂ ಬೇರೆ ಬೇರೆಯಾಗಿಯೇ ತೋರಿಸುವ, ಕನ್ನಡದಂಥ ಭಾಷೆಗಳಲ್ಲಿ ವಿವರಣೆಯಿರುವ ಆವೃತ್ತಿಯೊಂದು ಬರಲೇಬೇಕು.