‘ಎಲ್ಲ ವ್ಯವಸ್ಥೆ ಇದೆ’ ಅಂದರೆ ನಂಬಿ ಹೊರಡಬೇಡಿ: ಒಂದು ಕಲಾ ಸಮ್ಮೇಳನದಲ್ಲಿ ಆದದ್ದು

ಎರಡು ದಿನದ ಕಲಾ ಸಮ್ಮೇಳನ. ಆಹ್ವಾನಪತ್ರಿಕೆಯ ಕೊನೆಯಲ್ಲಿ ಒಂದು ಸಾಲು: ‘ಎಲ್ಲರಿಗೂ ಸ್ವಾಗತ, ವಿಶೇಷಚೇತನರಿಗೆ ಎಲ್ಲ ವ್ಯವಸ್ಥೆ ಇದೆ’. ಆ ಸಾಲು ನಂಬಿ ಬಂದವರಲ್ಲಿ ಕೆಲವರು ಮೊದಲ ದಿನ ಮಧ್ಯಾಹ್ನಕ್ಕೇ ಹೊರಟುಹೋದರು. ಏನೇನು ಕೆಟ್ಟಿತು, ಯಾಕೆ ಕೆಟ್ಟಿತು ಅನ್ನುವುದನ್ನು ಬಿಡಿಸಿ ಹೇಳುತ್ತಿದ್ದೇವೆ. ಸಂಘಟಕರ ಹೆಸರು ಬೇಡ. ಇದೇ ತಪ್ಪುಗಳು ಬೇರೆ ಕಡೆಯೂ ಆಗುತ್ತಿವೆ.

ಮೊದಲು ವೇದಿಕೆಯ ವಿಷಯ. ಎತ್ತರ 60 ಸೆಂಟಿಮೀಟರ್. ಗಾಲಿಕುರ್ಚಿ ಬಳಸುವ ಕಲಾವಿದೆಯೊಬ್ಬರು ಮೊದಲ ಗೋಷ್ಠಿಯಲ್ಲೇ ಮಾತಾಡಬೇಕಿತ್ತು. ಅವರಿಗೆಂದು ತಂದಿಟ್ಟಿದ್ದ ರ್‍ಯಾಂಪ್ ಎಂದರೆ ಎರಡು ಮೀಟರ್ ಉದ್ದದ ಹಲಗೆ. ಒಂದು ಪಾಲು ಎತ್ತರಕ್ಕೆ ಕನಿಷ್ಠ ಹನ್ನೆರಡು ಪಾಲು ಉದ್ದ ಇರಬೇಕೆಂಬುದು ರ್‍ಯಾಂಪಿನ ಲೆಕ್ಕ. ಹಾಗೆ ನೋಡಿದರೆ ಇಲ್ಲಿ 7.2 ಮೀಟರ್ ಬೇಕಿತ್ತು. ಅಷ್ಟು ಕಡಿದಾದ ಹಲಗೆ ಹತ್ತಲು ಹೋದರೆ ಕುರ್ಚಿ ಹಿಂದಕ್ಕೆ ಮಗುಚಬಹುದು. ಹತ್ತಿಸಲಾಗದೆ ನಾಲ್ವರು ಸ್ವಯಂಸೇವಕರು, ಅವರನ್ನು ಒಂದು ಮಾತೂ ಕೇಳದೆ, ಕುರ್ಚಿ ಸಮೇತ ಎತ್ತಲು ಕೈಹಾಕಿದರು. ಹಿಡಿದದ್ದು ಕೈ ಇಡುವ ಪಟ್ಟಿಯನ್ನು. ಎಷ್ಟೋ ಗಾಲಿಕುರ್ಚಿಗಳಲ್ಲಿ ಆ ಪಟ್ಟಿಯನ್ನೂ ಕಾಲಿಡುವ ಹಲಗೆಯನ್ನೂ ಕಳಚಿ ತೆಗೆಯುವಂತೆಯೇ ಮಾಡಿರುತ್ತಾರೆ. ಎಡಗಡೆಯ ಪಟ್ಟಿ ಕಿತ್ತು ಕೈಗೆ ಬಂತು, ಕುರ್ಚಿ ಆ ಕಡೆಗೆ ವಾಲಿತು, ಅವರು ಪಕ್ಕದಲ್ಲಿದ್ದವರ ಭುಜ ಹಿಡಿದು ಉಳಿದುಕೊಂಡರು. ಕೊನೆಗೆ ಗೋಷ್ಠಿಯಲ್ಲಿ ಮಾತಾಡಬೇಕಿದ್ದ ಉಳಿದ ಮೂವರು ಮೇಲೆ, ಅವರೊಬ್ಬರು ಕೆಳಗೆ. ಹಿಂದಿನ ಸಾಲುಗಳವರಿಗೆ ಅವರ ಮುಖವೇ ಕಾಣಲಿಲ್ಲ.

ರ್‍ಯಾಂಪಿನ ಅಗಲ 90 ಸೆಂಟಿಮೀಟರಿಗಿಂತ ಕಡಿಮೆ ಇರಬಾರದು, ಅಂಚಿನಲ್ಲಿ ಚಕ್ರ ಜಾರದಂತೆ ತಡೆ ಇರಬೇಕು, ಮೇಲೂ ಕೆಳಗೂ ಕುರ್ಚಿ ತಿರುಗಿಸಲು ಸುಮಾರು 1.5 ಮೀಟರ್ ಸಮತಟ್ಟು ಜಾಗ ಬೇಕು. ಇಷ್ಟಕ್ಕೆಲ್ಲ ಸಭಾಂಗಣದಲ್ಲಿ ಜಾಗವಿಲ್ಲವೇ? ಹಾಗಿದ್ದರೆ ವೇದಿಕೆಯನ್ನೇ ಬಿಡಿ. ಎಲ್ಲರೂ ನೆಲದ ಮೇಲೆ ಕೂತು ಮಾತಾಡಲಿ, ಕೇಳುವವರ ಕುರ್ಚಿಗಳನ್ನು ಅರ್ಧಚಂದ್ರಾಕಾರಕ್ಕೆ ಹಾಕಿ. ಖರ್ಚೇ ಇಲ್ಲದ ಈ ದಾರಿ ಯಾರಿಗೂ ಹೊಳೆಯಲಿಲ್ಲ ಎಂಬುದು ನಮ್ಮನ್ನು ಇನ್ನೂ ಕೊರೆಯುತ್ತಿದೆ.

ಶೌಚಾಲಯ ಇತ್ತು, ಬಾಗಿಲ ಮೇಲೆ ಗಾಲಿಕುರ್ಚಿಯ ಚಿತ್ರವೂ ಇತ್ತು. ಒಳಗೆ ಮಡಿಸಿದ ಕುರ್ಚಿಗಳು, ಬ್ಯಾನರ್ ಸುರುಳಿಗಳು, ನೆಲ ಒರೆಸುವ ಬಕೆಟ್. ಕೀಲಿ ಕಾವಲುಗಾರರ ಹತ್ತಿರ, ಅವರು ಊಟಕ್ಕೆ ಹೋಗಿದ್ದರು. ತುರ್ತು ಕರೆಗೆಂದು ನೆಲದವರೆಗೆ ಇಳಿಬಿಟ್ಟಿರಬೇಕಾದ ಕೆಂಪು ಹಗ್ಗವನ್ನು ಅಡ್ಡ ಬರುತ್ತದೆಂದು ಮೇಲಕ್ಕೆ ಗಂಟು ಹಾಕಿದ್ದರು. ಕೆಳಗೆ ಬಿದ್ದವರ ಕೈಗೆ ಸಿಗದ ಹಗ್ಗ ಇದ್ದರೇನು, ಇಲ್ಲದಿದ್ದರೇನು? ಹಿಂದಿನ ದಿನ ಸಂಜೆ ಒಬ್ಬರು ಹೋಗಿ ಬಾಗಿಲು ತೆಗೆದು ನೋಡಿದ್ದರೆ ಹತ್ತು ನಿಮಿಷದಲ್ಲಿ ಸರಿಹೋಗುವ ಕೆಲಸವಿದು.

ಕಿವುಡರಿಗೆಂದು ಸಂಜ್ಞಾಭಾಷೆಯ ದುಭಾಷಿ ಬಂದಿದ್ದರು. ಆದರೆ ಇಡೀ ದಿನಕ್ಕೆ ಒಬ್ಬರೇ. ಇದು ಬರೀ ಕೈ ಸೋಲುವ ಮಾತಲ್ಲ. ಕೇಳುತ್ತಲೇ ಅರ್ಥ ಮಾಡಿಕೊಂಡು ಇನ್ನೊಂದು ಭಾಷೆಗೆ ತಿರುಗಿಸುವ ಕೆಲಸದಲ್ಲಿ ಅರ್ಧ ಗಂಟೆ ಕಳೆದರೆ ಮನಸ್ಸು ದಣಿದು ತಪ್ಪುಗಳು ನುಸುಳುತ್ತವೆ. ಅದಕ್ಕೇ ಇಬ್ಬರು ಇದ್ದು, 20–30 ನಿಮಿಷಕ್ಕೊಮ್ಮೆ ಬದಲಾಗುವುದು ರೂಢಿ. ಚಿತ್ರಗಳನ್ನು ಪರದೆಯ ಮೇಲೆ ತೋರಿಸುವಾಗ ದೀಪ ಆರಿಸಿದರು, ದುಭಾಷಿಯೂ ಕತ್ತಲಲ್ಲಿ ಮುಳುಗಿದರು. ಅವರ ಮೇಲೆ ಬೀಳುವ ಒಂದು ದೀಪ ಬೇರೆಯೇ ಇರಬೇಕು, ಹಿನ್ನೆಲೆ ಒಂದೇ ಬಣ್ಣದ್ದಾಗಿರಬೇಕು. ಕವಿತೆ ವಾಚನವಂತೂ ಅವರಿಗೆ ಅಗ್ನಿಪರೀಕ್ಷೆಯೇ ಆಯಿತು. ಪಠ್ಯವನ್ನು ಯಾರೂ ಮೊದಲೇ ಕೊಟ್ಟಿರಲಿಲ್ಲ. ಕನಿಷ್ಠ ಒಂದು ವಾರ ಮುಂಚೆ ಕವಿತೆ, ಭಾಷಣದ ಟಿಪ್ಪಣಿ, ಕಲಾವಿದರ ಹೆಸರುಗಳ ಪಟ್ಟಿ ಅವರ ಕೈ ಸೇರಬೇಕು. ಪರದೆಯಲ್ಲಿ ಮಾತನ್ನು ಅಕ್ಷರವಾಗಿ ಬರೆಯುವವರಿಗೂ ಅದೇ ಪಟ್ಟಿ ಬೇಕು. ತಾನಾಗಿ ಅಕ್ಷರ ಮೂಡಿಸುವ ತಂತ್ರಾಂಶ ಎಡವುವುದು ಹೆಚ್ಚಾಗಿ ಹೆಸರುಗಳಲ್ಲೇ.

‘ನನ್ನ ದನಿ ದೊಡ್ಡದು, ಮೈಕ್ ಬೇಡ’ ಎನ್ನುವವರು ಇಲ್ಲೂ ಇದ್ದರು. ಶ್ರವಣಸಾಧನವನ್ನು ಸಭಾಂಗಣದ ಧ್ವನಿವ್ಯವಸ್ಥೆಗೆ ಜೋಡಿಸಿಕೊಂಡು ಕೂತವರಿಗೆ ಮೈಕಿನಿಂದ ಬಾರದ ಮಾತು ತಲುಪುವುದೇ ಇಲ್ಲ. ಸಭಿಕರ ಪ್ರಶ್ನೆಗೂ ಮೈಕ್ ಕೊಡಿ, ಇಲ್ಲವೇ ನಿರೂಪಕರು ಪ್ರಶ್ನೆಯನ್ನು ಮತ್ತೆ ಹೇಳಲಿ. ‘ಈ ಚಿತ್ರ ನೋಡಿ’ ಅಂದು ಮುಂದೆ ಹೋಗುವವರು ಅಂಧ ಸಭಿಕರನ್ನು ಅಲ್ಲೇ ಬಿಟ್ಟು ಹೋಗುತ್ತಾರೆ. ಪರದೆಯಲ್ಲಿ ಏನಿದೆ ಅನ್ನುವುದಕ್ಕೆ ಎರಡು ವಾಕ್ಯ ಸಾಕು. ಸಂಜೆಯ ಪ್ರದರ್ಶನದಲ್ಲಿ ಮಿನುಗು ದೀಪ ಹಾಕುವ ಮುನ್ನ ಯಾರೂ ಎಚ್ಚರಿಸಲಿಲ್ಲ. ಸೆಕೆಂಡಿಗೆ ಮೂರಕ್ಕಿಂತ ಹೆಚ್ಚು ಸಲ ಮಿನುಗುವ ಬೆಳಕು ಕೆಲವರಲ್ಲಿ ಅಪಸ್ಮಾರ ತರಿಸಬಲ್ಲದು. ಬಾಗಿಲಲ್ಲಿ ಒಂದು ಫಲಕ, ಆರಂಭದಲ್ಲಿ ಒಂದು ಮಾತು, ಎರಡೂ ಬೇಕು.

ಎಲ್ಲಕ್ಕಿಂತ ಕೆಟ್ಟದ್ದು ಎರಡನೆಯ ದಿನ ಆಯಿತು. ಹಿಂದಿನ ರಾತ್ರಿಯ ಕೂಟದಲ್ಲಿ ಹಿರಿಯ ಅತಿಥಿಯೊಬ್ಬರು ಅಸಭ್ಯವಾಗಿ ನಡೆದುಕೊಂಡರೆಂದು ಯುವ ಕಲಾವಿದೆಯೊಬ್ಬರು ದೂರು ಕೊಟ್ಟರು. ನೀತಿ ಸಂಹಿತೆಯನ್ನು ಕಾರ್ಯಕ್ರಮ ಪಟ್ಟಿಯ ಹಿಂಬದಿಯಲ್ಲಿ ಮುದ್ರಿಸಿದ್ದರು, ದೂರಿಗೆ ಒಂದು ಇಮೇಲ್ ವಿಳಾಸವೂ ಇತ್ತು. ಅದನ್ನು ತೆರೆದು ನೋಡುತ್ತಿದ್ದವರು ಆ ಅತಿಥಿಯನ್ನು ಕರೆಸಿದ ಸಂಚಾಲಕರೇ. ‘ಅವರು ದೊಡ್ಡವರು, ಕೂತು ಮಾತಾಡಿ ಬಗೆಹರಿಸಿಕೊಳ್ಳೋಣ ಬಾಮ್ಮ’ ಎಂಬ ಉತ್ತರ ಬಂತು. ದೂರು ಕೊಟ್ಟವರನ್ನು ಎದುರುಬದುರು ಕೂರಿಸಿ ರಾಜಿ ಮಾಡಿಸಲು ಹೋಗುವುದು ಎರಡನೆಯ ಅನ್ಯಾಯ. ದೂರು ಕೇಳಲು ಕನಿಷ್ಠ ಇಬ್ಬರಿರಬೇಕು, ಇಬ್ಬರೂ ಒಂದೇ ಲಿಂಗದವರಾಗಿರಬಾರದು, ಅವರ ಫೋನ್ ರಾತ್ರಿಯ ಕೂಟ ಮುಗಿಯುವವರೆಗೂ ಚಾಲೂ ಇರಬೇಕು. ಹೇಳಿದ್ದನ್ನು ಹೇಳಿದವರ ಮಾತಿನಲ್ಲೇ ಬರೆದುಕೊಂಡು, ಮುಂದೆ ಏನಾಗಲಿ ಎಂದು ಅವರನ್ನೇ ಕೇಳಬೇಕು. ಅತಿಥಿಯನ್ನು ಮುಂದಿನ ಗೋಷ್ಠಿಯಿಂದ ಕೈಬಿಡುವ ಅಧಿಕಾರ ಯಾರಿಗಿದೆ, ದೂರು ಸಂಘಟಕರ ಮೇಲೇ ಬಂದರೆ ಯಾರು ನೋಡುತ್ತಾರೆ, ಇವೆರಡೂ ಸಮ್ಮೇಳನಕ್ಕೆ ಮೊದಲೇ ತೀರ್ಮಾನವಾಗಿರಬೇಕು. ಆ ಗಳಿಗೆಯಲ್ಲಿ ಯೋಚಿಸಲು ಕೂತರೆ ಗೆಲ್ಲುವುದು ದೊಡ್ಡ ಹೆಸರೇ.

ವ್ಯವಸ್ಥೆ ಯಾಕಿಲ್ಲ ಎಂದು ಸಂಘಟಕರನ್ನು ಕೇಳಿದ್ದಕ್ಕೆ ‘ಹಣ ಉಳಿದಿದ್ದರೆ ಮಾಡುತ್ತಿದ್ದೆವು’ ಅಂದರು. ಮೂಲ ತಪ್ಪು ಇರುವುದೇ ಅಲ್ಲಿ. ದುಭಾಷಿ, ರ್‍ಯಾಂಪ್, ಜೊತೆಗಾರರಿಗೆ ಉಚಿತ ಪ್ರವೇಶ, ಇವು ಸಭಾಂಗಣದ ಬಾಡಿಗೆಯ ಜೊತೆಗೇ ಬಜೆಟ್ಟಿನ ಮೊದಲ ಪುಟದಲ್ಲಿರಬೇಕು. ಅಂಗವಿಕಲರು ಉಳಿದವರಿಗೆ ಸಮನಾಗಿ ಸಾಂಸ್ಕೃತಿಕ ಬದುಕಿನಲ್ಲಿ ಪಾಲ್ಗೊಳ್ಳುವುದು ಹಕ್ಕು ಎಂದು ಅಂಗವಿಕಲರ ಹಕ್ಕುಗಳ ಕುರಿತ ವಿಶ್ವಸಂಸ್ಥೆಯ 2006ರ ಒಡಂಬಡಿಕೆಯ 30ನೇ ವಿಧಿ ಹೇಳುತ್ತದೆ. ಉಳಿದ ಹಣದಲ್ಲಿ ಮಾಡುವ ಉಪಕಾರ ಅಲ್ಲ ಇದು.

ಹೋಗುವವರು ಶುಲ್ಕ ಕಟ್ಟುವ ಮುಂಚೆ ‘ವ್ಯವಸ್ಥೆ ಇದೆಯೇ’ ಎಂದು ಕೇಳಬೇಡಿ, ಉತ್ತರ ಯಾವಾಗಲೂ ‘ಇದೆ’ ಎಂದೇ ಬರುತ್ತದೆ. ವೇದಿಕೆ ಎಷ್ಟು ಎತ್ತರ, ರ್‍ಯಾಂಪ್ ಎಷ್ಟು ಉದ್ದ, ದುಭಾಷಿಗಳು ಎಷ್ಟು ಜನ, ರಾತ್ರಿಯ ಕೂಟ ಅದೇ ಕಟ್ಟಡದಲ್ಲೋ ಬೇರೆ ಕಡೆಯೋ, ದೂರು ಕೇಳುವವರು ಯಾರು ಎಂದು ಕೇಳಿ. ಶೌಚಾಲಯದ ಒಳಗಿನ ಫೋಟೋ ಕಳಿಸಲು ಹೇಳಿ, ಇವತ್ತು ತೆಗೆದದ್ದು. ಉತ್ತರವನ್ನು ಬರವಣಿಗೆಯಲ್ಲೇ ಪಡೆಯಿರಿ. ಈ ಸಮ್ಮೇಳನದಿಂದ ಅರ್ಧಕ್ಕೇ ಹೊರಟವರು ಶುಲ್ಕ ವಾಪಸ್ ಕೇಳಿದಾಗ, ತೋರಿಸಲು ಅವರ ಬಳಿ ಆಹ್ವಾನಪತ್ರಿಕೆಯ ಆ ಒಂದು ಸಾಲು ಬಿಟ್ಟರೆ ಏನೂ ಇರಲಿಲ್ಲ.